ಸೊನ್ನೆಯ ಮುಂದಿನ ಗೀಟು

ಅಂಗೈಯಲ್ಲಿ ನವಸಾಗರದ ಪುಡಿ, ಅದರ ಮೇಲೆ ಉಗುರಿನಷ್ಟು ಸುಣ್ಣ. ಶಬನಮ ಹೆಬ್ಬೆರಳಿನಿಂದ ಜೋರಾಗಿ ತಿಕ್ಕಿದಳು. ಎದ್ದ ಅಮೋನಿಯಾದ ಘಾಟಿಗೆ ಮೂಗಿನೊಳಗೆ ಸೂಜಿ ಆಡಿದಂತಾಯಿತು. ಉಸಿರು ಬಿಗಿಹಿಡಿದು ಅಂಗೈಯನ್ನು ಗೋಡೆಯ ಗ್ಯಾಸ್ ಮೀಟರಿನ ಕೆಳಗೆ ಒಯ್ದಳು.

“ಏನ್ ತೋರ್ಸಾಕತ್ತೈತಿ?”

“ಸೊನ್ನಿ,” ಎಂದಳು ಬಾಗಿಲಾಚೆ ಕಂಟ್ರೋಲ್ ಪ್ಯಾನೆಲ್ಲಿನ ಪರದೆ ನೋಡುತ್ತ ನಿಂತಿದ್ದ ನೀಲಾಬಾಯಿ.

ಮತ್ತೆ ತಿಕ್ಕಿದಳು. ಕಣ್ಣು ಉರಿದು ನೀರು ಗಲ್ಲಕ್ಕೆ ಇಳಿಯಿತು.

“ಈಗ?”

“ಸೊನ್ನಿನ ಐತಿ.”

ಟಾರ್ಚಿನ ಬೆಳಕಿನಲ್ಲಿ ಖಾಲಿ ರ‍್ಯಾಕುಗಳು ಮಾತ್ರ ಕಾಣುತ್ತಿದ್ದವು. ಮೂರನೇ ನಂಬರಿನ ಚೇಂಬರ್. ಗೋಡೆ ಗೇಣು ದಪ್ಪ, ಬಾಗಿಲೂ ಗೇಣು ದಪ್ಪ. ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುವ ಬಾಗಿಲು. ಒಳಗಿನಿಂದ ತೆರೆಯುವ ಹಿಡಿಕೆ ಮುರಿದು ವರ್ಷವಾಗಿತ್ತಂತೆ. ಶಬನಮ ಸಂದಿಗೆ ಒಂದು ಇಟ್ಟಿಗೆ ಇಟ್ಟು ಒಳಗೆ ಬಂದಿದ್ದಳು. ಆ ಇಟ್ಟಿಗೆಯ ಪಕ್ಕದಲ್ಲೇ ನೀಲಾಬಾಯಿ ನಿಂತಿದ್ದಳು. ಕಾಲಿನಿಂದ ಒಮ್ಮೆ ತಳ್ಳಿದರೆ ಸಾಕು.

ತಳ್ಳಲು ಅವಳಿಗೆ ಕಾರಣವೂ ಇತ್ತು. ಹನ್ನೊಂದು ದಿನದ ಹಿಂದೆ ಅವಳ ಗಂಡ ದೇವಾನಂದ, ತಿಕೋಟಾದ ಈ ಕೋಲ್ಡ್ ಸ್ಟೋರೇಜಿನ ಆಪರೇಟರ್, ತಂಪು ಮಾಡಲು ಬಳಸುವ ಅಮೋನಿಯಾ ಗ್ಯಾಸು ಸೋರಿ ಸತ್ತದ್ದು ಇದೇ ನೆಲದ ಮೇಲೆ. ಗ್ಯಾಸ್ ಮೀಟರನ್ನು ಓದಿ ಸೈರನ್ ಕೂಗಿಸುವ ಕಂಟ್ರೋಲರಿಗೆ ತಪ್ಪು ಪ್ರೋಗ್ರಾಂ ಬರೆದು ಆ ಸಾವಿಗೆ ಕಾರಣನಾದ ಎಂದು ಪೊಲೀಸರು ಹಿಡಿದು ದರ್ಗಾ ಜೈಲಿಗೆ ಹಾಕಿದ್ದು ಶಬನಮಳ ತಮ್ಮ ರಿಜ್ವಾನನನ್ನು.

ಕೊನೆಯ ಚಿಟಿಕೆ ಸುಣ್ಣ ಹಾಕಿ ತಿಕ್ಕಿದಳು. ಅಂಗೈ ಒದ್ದೆಯಾಯಿತು.  ಹೊರಗೆ ಏನೋ ಸದ್ದಾಯಿತು. ಬೆಳಕಿನ ಸಂದಿ ಒಂದು ಬೆರಳಿನಷ್ಟು ಕಿರಿದಾದಂತೆ ಕಂಡಿತು. ಇಟ್ಟಿಗೆ ಸರಿಯಿತೇ? ತನ್ನ ಕಣ್ಣೀರಿಗೆ ಹಾಗೆ ಕಂಡಿತೇ?

“ಗೀಟ್ ಬಂತು,” ಎಂದಳು ನೀಲಾಬಾಯಿ.

“ಎಂಥಾ ಗೀಟು?”

“ಸೊನ್ನಿ ಮುಂದ ಒಂದ್ ಗೀಟು. ಹೋತು. ಮತ್ತ ಬಂತು ನೋಡು.”

ಶಬನಮ ಹೊರಗೆ ಓಡಿದಳು. ಇಟ್ಟಿಗೆ ಇಟ್ಟಲ್ಲೇ ಇತ್ತು. ಮಧ್ಯಾಹ್ನ ಎರಡೂಕಾಲಿನ ಬಿಸಿಲು ಕಣ್ಣಿಗೆ ಹೊಡೆಯಿತು. ನಲ್ಲಿಯ ಕೆಳಗೆ ಕೈ ಹಿಡಿದು, ಮುಖಕ್ಕೆ ನೀರು ಎರಚಿಕೊಂಡು, ಪ್ಯಾನೆಲ್ಲಿನ ಪರದೆಯ ಮುಂದೆ ಬಂದಳು. ಮೂರನೇ ಚೇಂಬರಿನ ಸಾಲಿನಲ್ಲಿ ಅಂಕಿ ಇನ್ನೂ ಅಲುಗುತ್ತಿತ್ತು.

0.0. −0.0. 0.0.

ಇಪ್ಪತ್ತೈದು ದಾಟಿದರೆ ಕೂಗಬೇಕಾದ ಸೈರನ್ ತಲೆಯ ಮೇಲೆ ಸುಮ್ಮನೆ ಕೂತಿತ್ತು.

ಮೀಟರು ಕೆಟ್ಟಿದೆಯೇ ಎಂದು ನೀಲಾಬಾಯಿ ಕೇಳಿದಳು. ಬೆಳಿಗ್ಗೆ ಕಾಖಂಡಕಿಯಿಂದ ಬಸ್ಸು ಹತ್ತಿ ಬಂದವಳು. ಗಂಡನ ಬಟ್ಟೆ, ಊಟದ ಡಬ್ಬಿಯ ಜೊತೆ ಆಸ್ಪತ್ರೆಯವರು ಅವಳ ಕೈಗೆ ಈ ಸ್ಟೋರೇಜಿನ ಕೀಲಿಕೈಗಳ ಗೊಂಚಲನ್ನೂ ಕೊಟ್ಟಿದ್ದರು. ಅದನ್ನು ಯಾರೂ ವಾಪಸು ಕೇಳಿರಲಿಲ್ಲ. ಶಬನಮ ಅವಳ ಮನೆಯ ಹೊಸ್ತಿಲಲ್ಲಿ ಎರಡು ದಿನ ಕೂತು ಬೇಡಿಕೊಂಡಿದ್ದಳು. ಬರುತ್ತೇನೆ, ಆದರೆ ನಿನ್ನ ತಮ್ಮನದೇ ತಪ್ಪು ಎಂದು ಕಂಡರೆ ಅದನ್ನು ಕೋರ್ಟಿನಲ್ಲಿ ನೀನೇ ಹೇಳಬೇಕು ಎಂದು ಮಾತು ತೆಗೆದುಕೊಂಡೇ ನೀಲಾಬಾಯಿ ಹೊರಟಿದ್ದಳು.

“ಮೀಟರ್ ಕೆಟ್ಟಿಲ್ರಿ,” ಎಂದಳು ಶಬನಮ. “ಅದು ಖರೇನ ಹೇಳಾಕತ್ತೈತಿ. ಈ ಕಂಟ್ರೋಲರ್ ತಲಿಕೆಳಗ ಕೇಳಾಕತ್ತೈತಿ.”

ಹೇಳುವುದು ಸುಲಭವಿರಲಿಲ್ಲ. ನೀಲಾಬಾಯಿಯ ಕೈಯಲ್ಲಿದ್ದ ಬಸ್ಸಿನ ಟಿಕೆಟು ಇಸಿದುಕೊಂಡು ನಡುವೆ ಹರಿದು ತೋರಿಸಿದಳು. ಮೀಟರು ಕಳಿಸುವ ಅಂಕಿ ಉದ್ದ. ಕಂಟ್ರೋಲರಿನ ಒಂದು ಖಾನೆಯಲ್ಲಿ ಅದು ಹಿಡಿಸುವುದಿಲ್ಲ. ಎರಡು ತುಂಡು ಮಾಡಿ ಅಕ್ಕಪಕ್ಕದ ಎರಡು ಖಾನೆಗಳಲ್ಲಿ ಇಡಬೇಕು. ಒಂದು ತುಂಡಿನಲ್ಲಿ ಅಂಕಿಯ ತೂಕವೆಲ್ಲ ಇರುತ್ತದೆ, ಇನ್ನೊಂದರಲ್ಲಿ ಉಳಿದ ಚೂರು. ಓದುವಾಗ ಕಳಿಸಿದ ಕ್ರಮದಲ್ಲೇ ಜೋಡಿಸಬೇಕು. ಹಿಂದಿನದನ್ನು ಮುಂದೆ ಇಟ್ಟರೆ ಚೂರು ತೂಕದ ಜಾಗಕ್ಕೆ ಬರುತ್ತದೆ. ಮುನ್ನೂರು ಇದ್ದದ್ದು ಕಣ್ಣಿಗೆ ಕಾಣದಷ್ಟು ಸಣ್ಣದಾಗುತ್ತದೆ. ಪರದೆ ಅದನ್ನು ಸೊನ್ನೆ ಎಂದು ತೋರಿಸುತ್ತದೆ.

“ಮತ್ತ ಗೀಟು?”

“ಗ್ಯಾಸ್ ಭಾಳ ಆದಾಗ ಆ ಚೂರಿನ್ಯಾಗ ಒಂದ್ ಗುರುತು ಬರತೈತ್ರಿ. ಅದು ಮುಂದ ಬಂದ್ ಕುಂತ್ರ ಮೈನಸ್ ಆಗಿ ಕಾಣತೈತಿ.”

ಗಾಳಿ ಸೊನ್ನೆಗಿಂತ ಕಡಿಮೆ ಇರುವುದಿಲ್ಲ. ವಿಷವೂ ಅಷ್ಟೇ. ಆ ಗೀಟಿಗೆ ಈ ಪರದೆಯ ಮೇಲೆ ಜಾಗವೇ ಇರಬಾರದಿತ್ತು. ಪರದೆಯ ಅಂಕಿಗಳನ್ನು ಮುದ್ರಿಸಿ ಪೊಲೀಸರು ಒಯ್ದ ಕಾಗದಗಳಲ್ಲೂ ಅದು ಇತ್ತು. ಶಾಯಿಯ ಕಲೆ ಎಂದುಕೊಂಡಿರಬೇಕು.

ಶಬನಮ ಕಂಟ್ರೋಲರಿನ ನೆನಪಿನ ಕಾರ್ಡನ್ನು ಲ್ಯಾಪ್‌ಟಾಪಿಗೆ ಹಾಕಿದಳು. ಪರದೆ ಒಂದೇ ದಶಮಾಂಶ ತೋರಿಸುತ್ತಿತ್ತು. ಕಾರ್ಡು ಆರನ್ನು ಇಟ್ಟುಕೊಂಡಿತ್ತು. ಹನ್ನೊಂದು ದಿನ ಹಿಂದಕ್ಕೆ ಹೋದಳು. ಬೆಳಿಗ್ಗೆ ಹತ್ತು ಗಂಟೆ ನಾಲ್ಕು ನಿಮಿಷಕ್ಕೆ −2.004177.

ತುಂಡುಗಳನ್ನು ತಿರುಗಿಸಿ ಜೋಡಿಸಿದಳು. 963.

ಹತ್ತೂ ಐದಕ್ಕೆ ಸೊನ್ನೆ. ಹತ್ತೂ ಆರಕ್ಕೆ ಸೊನ್ನೆ. ಅಲ್ಲಿಂದ ಹತ್ತೂ ಐವತ್ತೆರಡರವರೆಗೆ ಬರೀ ಸೊನ್ನೆ. ಗ್ಯಾಸು ಹೋಗಿತ್ತೇ? ತಿರುಗಿಸಿ ನೋಡಿದಳು. 1000. 1000. 1000. ಆ ಮೀಟರಿಗೆ ಸಾವಿರದ ಆಚೆ ಎಣಿಸಲು ಬರುತ್ತಿರಲಿಲ್ಲ.

ಬಾಗಿಲು ತೆರೆದ ಸಮಯವೂ ಕಾರ್ಡಿನಲ್ಲಿತ್ತು. ಹತ್ತೂ ಹನ್ನೆರಡು.

“ಅಂವಾ ಪರದೆ ನೋಡ್ಲಾರ್ದ ಎಂದೂ ಬಾಗಲಾ ತಗ್ಯಾವಲ್ಲ,” ಎಂದಳು ನೀಲಾಬಾಯಿ. “ನೋಡ್ಲಾರ್ದ ಹೋಗ್ಯಾನಂತ ಮಾಲಕ್ರು ಹೇಳ್ಯಾರ.”

“ನೋಡೇ ಹೋಗ್ಯಾರ್ರಿ. ಸೊನ್ನಿ ನೋಡಿ ಹೋಗ್ಯಾರ.”

“ನಲವತ್ತ್ ನಿಮಿಷ ಒಳಗ ಇದ್ದನೇನು?”

ಶಬನಮ ಹತ್ತೂ ಐವತ್ತೆರಡರ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದಳು.  ನೀಲಾಬಾಯಿ ಬಾಗಿಲಿನ ಒಳಮೈಗೆ ಅಂಗೈ ಇಟ್ಟು ಮುರಿದ ಹಿಡಿಕೆಯನ್ನು ಹುಡುಕಿ ಮುಟ್ಟಿ ನೋಡಿದಳು. ಆಮೇಲೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ತುಂಡುಗಳನ್ನು ತಿರುಗಿಸಿದವರು ಯಾರು? ರಿಜ್ವಾನ ಅಲ್ಲ. ಪ್ಯಾನೆಲ್ ಚಾಲೂ ಮಾಡಿದ ದಿನ ಅವನು ನವಸಾಗರ ತಿಕ್ಕಿ ನೋಡಿದ್ದ; ಸೈರನ್ ಕೂಗಿತ್ತು. ಆ ದಿನದ ಅಂಕಿ ಕಾರ್ಡಿನಲ್ಲಿ ನೆಟ್ಟಗೆ ಕೂತಿತ್ತು, 318. ಆ ಪರೀಕ್ಷೆ ಯಾವ ಪುಸ್ತಕದಲ್ಲೂ ಇಲ್ಲ. ಅದನ್ನು ಅಕ್ಕ ತಮ್ಮ ಇಬ್ಬರಿಗೂ ಕಲಿಸಿದ್ದು ಉಸ್ತಾದ ಲಾಲಸಾಬ. ಜೋರಾಪುರ ಪೇಟೆಯಲ್ಲಿ ತಾಮ್ರದ ಹಂಡೆಗಳಿಗೆ ಕಲಾಯಿ ಹಾಕುತ್ತಿದ್ದ ಮನೆತನದವನು. ಸ್ಟೇಷನ್ ರಸ್ತೆಯಲ್ಲಿ ಪ್ಯಾನೆಲ್ಲಿನ ವರ್ಕ್‌ಶಾಪು ಹಾಕಿದ ಮೇಲೂ ಅಪ್ಪನ ನವಸಾಗರವನ್ನು ಬಿಟ್ಟಿರಲಿಲ್ಲ. ಅಮೋನಿಯಾ ಮೀಟರು ಪರೀಕ್ಷಿಸಲು ಗ್ಯಾಸ್ ಸಿಲಿಂಡರು ಯಾಕೆ, ಅಂಗೈ ಸಾಕು ಎನ್ನುತ್ತಿದ್ದ. ಹೊಸ ಹುಡುಗರಿಗೆ ಮೊದಲ ದಿನವೇ ಹೇಳುತ್ತಿದ್ದ ಮಾತು ಇನ್ನೊಂದಿತ್ತು: ಸೊನ್ನೆ ನೋಡಿ ಪ್ಯಾನೆಲ್ಲಿನ ಬಾಗಿಲು ಹಾಕಬೇಡಿ. ತುಂಡು ಹೇಗೆ ಜೋಡಿಸಿದರೂ ಸೊನ್ನೆ ಸೊನ್ನೆಯೇ. ಅದರಿಂದ ಏನೂ ತಿಳಿಯುವುದಿಲ್ಲ.

ಶಬನಮ ಕಾರ್ಡಿನಲ್ಲಿ ಮುಂದಕ್ಕೆ ಬಂದಳು. 318 ಆದ ಮೇಲೆ ಇಪ್ಪತ್ತು ದಿನ ಸಣ್ಣಪುಟ್ಟ ಅಂಕಿಗಳು, 2, 4, 3. ಆಮೇಲೆ ಒಂದು ದಿನ ಪೂರಾ ಖಾಲಿ. ಅದರ ಮರುದಿನದಿಂದ ಸೊನ್ನೆ. ಆ ಖಾಲಿ ದಿನ ಯಾರೋ ಕಂಟ್ರೋಲರಿನ ಪ್ರೋಗ್ರಾಮನ್ನೇ ಹೊಸದಾಗಿ ತುಂಬಿದ್ದರು. ತುಂಬಿದ ಫೈಲಿಗೆ ಹೆಸರಿತ್ತು.

ಓದಿದಳು. ಬೆರಳಿಟ್ಟು ಅಕ್ಷರ ಅಕ್ಷರವಾಗಿ ಮತ್ತೆ ಓದಿದಳು.

ಗೇಟಿನ ಕಡೆಯಿಂದ ಹಳೆಯ ಎಂ-ಏಟಿ ಗಾಡಿಯ ಸದ್ದು ಕೇಳಿತು. ಆ ಸದ್ದು ಅವಳಿಗೆ ಹದಿನಾಲ್ಕು ವರ್ಷಗಳಿಂದ ಗೊತ್ತು.

ಲಾಲಸಾಬ ಕಂಬಕ್ಕೆ ಗಾಡಿ ಒರಗಿಸಿ ಒಳಗೆ ಬಂದ. ಅರವತ್ತೆರಡು ವಯಸ್ಸು, ಬಿಳಿ ಗಡ್ಡ, ಅಂಗಿಯ ಜೇಬಿನಲ್ಲಿ ಸುಣ್ಣದ ಡಬ್ಬಿ. ಹೊಸ್ತಿಲಲ್ಲೇ ನಿಂತು ಮೂಗು ಎತ್ತಿ ಗಾಳಿ ಎಳೆದುಕೊಂಡ. ಏನು ನಡೆದಿದೆ ಎಂದು ಅವನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಅವನು ತಮ್ಮ ಮನೆಮಾತಾದ ಉರ್ದುವಿನಲ್ಲಿ ಶುರು ಮಾಡಿದ. ಗೇಟಿನವನು ಫೋನ್ ಮಾಡಿದ್ದ, ಹೀಗೆ ಕದ್ದು ಒಳಗೆ ಬರಬಾರದಿತ್ತು ಎಂದು ಏನೇನೋ. ನೀಲಾಬಾಯಿ ನಡುವೆ ಬಾಯಿ ಹಾಕಿದಳು.

“ನನಗ ತಿಳಿಯೂ ಹಂಗ ಮಾತಾಡ್ರಿ. ಸತ್ತಾಂವ ನನ್ನ ಗಂಡ.”

ಲಾಲಸಾಬ ಅವಳನ್ನು ನೋಡಿ ಕೈ ಮುಗಿದ. ಆಮೇಲೆ ಕನ್ನಡದಲ್ಲೇ ಮಾತಾಡಿದ. ಶಬನಮಳನ್ನೇ ಹುಡುಕುತ್ತಿದ್ದನಂತೆ. ವಕೀಲರು ಒಂದು ಕಾಗದ ಬರೆದುಕೊಟ್ಟಿದ್ದಾರೆ. ಪ್ರೋಗ್ರಾಂ ಬರೆಯುವಾಗ ರಿಜ್ವಾನನ ಕೈ ತಪ್ಪಿತು, ಬೇಕಂತ ಮಾಡಿದ್ದಲ್ಲ, ಅಷ್ಟೇ ಇದೆ ಅದರಲ್ಲಿ. ಕೆಲಸ ಬಲ್ಲ ಅಕ್ಕನೇ ಹೌದೆಂದು ಸಹಿ ಹಾಕಿದರೆ ವಾರದಲ್ಲಿ ಜಾಮೀನು. ಆಮೇಲೆ ವರ್ಷವೋ ಎರಡು ವರ್ಷವೋ, ಅಷ್ಟರಲ್ಲಿ ಮುಗಿಯುತ್ತದೆ. ಅಲ್ಲಿಯವರೆಗೆ ಮನೆ ನೋಡಿಕೊಳ್ಳಲು ತಾನಿದ್ದೇನೆ. ರಿಜ್ವಾನನ ಹೆಂಡತಿ ಸಾಯಿರಾಗೆ ನಾಲ್ಕು ದಿನದ ಹಿಂದೆ ಬಬಲೇಶ್ವರದ ಸ್ಟೋರೇಜಿನಲ್ಲಿ ಒಣದ್ರಾಕ್ಷಿ ಆರಿಸುವ ಕೆಲಸ ಕೊಡಿಸಿದ್ದೂ ತಾನೇ ಅಲ್ಲವೇ?

ಶಬನಮ ಲ್ಯಾಪ್‌ಟಾಪನ್ನು ಅವನ ಕಡೆ ತಿರುಗಿಸಿದಳು. 

“ಉಸ್ತಾದ, ತಿಕೋಟಾದ ಕಂಟ್ರೋಲರಿನ್ಯಾಗ ಬಬಲೇಶ್ವರದ ಹೆಸರ ಯಾಕ ಐತಿ?”

ಅವನು ಕನ್ನಡಕ ಹಾಕಿಕೊಂಡು ಓದಿದ. ತೆಗೆದ. ಒರೆಸಿದ. ಮತ್ತೆ ಹಾಕಿಕೊಳ್ಳಲಿಲ್ಲ.

“ಬಬಲೇಶ್ವರದ ಪ್ಯಾನೆಲ್ಲಿಗೆ ರಿಜ್ವಾನ ಕೈ ಹಚ್ಚಿಲ್ಲ. ಅದು ನಿಮ್ಮದು.”

“ಹೌದು.”

“ಹೇಳ್ರಿ. ಅಕಿ ಕೇಳಲಿ.”

ಅವನು ಹೇಳಿದ. ನೆಲ ನೋಡುತ್ತ, ನಿಂತು ನಿಂತು. ಬಬಲೇಶ್ವರದಲ್ಲಿ ಸೈರನ್ ದಿನಕ್ಕೆ ನಾಲ್ಕು ಸಲ ಕೂಗುತ್ತಿತ್ತು. ಎಲ್ಲೋ ಒಂದು ಜಾಯಿಂಟು ಸಣ್ಣಗೆ ಸೋರುತ್ತಿತ್ತು. ಸಾಮಾನು ಬರಲು ಎಂಟು ದಿನ ಬೇಕು, ಕೂಗಿದಾಗೆಲ್ಲ ಕೆಲಸದ ಹೆಂಗಸರು ಹೊರಗೆ ಓಡುತ್ತಾರೆ, ಅಷ್ಟರವರೆಗೆ ಏನಾದರೂ ಮಾಡು ಎಂದು ಮಾಲೀಕ ಕೈ ಹಿಡಿದುಕೊಂಡ. ಸೈರನ್ನಿನ ತಂತಿ ಕಿತ್ತರೆ ಯಾರ ಕಣ್ಣಿಗಾದರೂ ಬೀಳುತ್ತದೆ. ತುಂಡು ತಿರುಗಿಸಿದರೆ ಯಾರಿಗೂ ತಿಳಿಯುವುದಿಲ್ಲ. ತಿರುಗಿಸಿದ. ಎಂಟು ದಿನದ ಮಾತು ಎಂದುಕೊಂಡ.

ಅದೇ ವಾರ ತಿಕೋಟಾದಲ್ಲಿ ಕರೆಂಟು ಹೋಗಿ ಬಂದು ಕಂಟ್ರೋಲರಿನ ಪ್ರೋಗ್ರಾಂ ಅಳಿಸಿಹೋಯಿತು. ರಿಜ್ವಾನ ಸೊಲ್ಲಾಪುರಕ್ಕೆ ಹೋಗಿದ್ದ. ಎರಡೂ ಕಡೆ ಒಂದೇ ನಮೂನೆಯ ಯಂತ್ರ, ಅಷ್ಟೇ ಚೇಂಬರು. ಲ್ಯಾಪ್‌ಟಾಪಿನಲ್ಲಿ ಬಬಲೇಶ್ವರದ್ದೇ ಫೈಲು ಮೇಲಿತ್ತು.

“ಮರತೆ, ಬೇಟಾ. ಅದರಾಗ ತಿರುವಿಟ್ಟೀನಿ ಅನ್ನೂದ ಮರತೆ.”

“ನವಸಾಗರ ತಿಕ್ಕಿ ನೋಡ್ಲಿಲ್ಲೇನು?”

“ತಿಕ್ಲಿಲ್ಲ. ಸೊನ್ನಿ ಬಂತು,” ಎಂದ ಲಾಲಸಾಬ. “ಪ್ಯಾನೆಲ್ಲಿನ ಬಾಗಲಾ ಹಾಕಿದೆ.”

ನೀಲಾಬಾಯಿ ಗೋಡೆಗೆ ಆತು ಹಾಗೇ ಕೆಳಗೆ ಕೂತಳು. ಅಳಲಿಲ್ಲ. ಇಷ್ಟು ದಿನ ಬೇರೆ ಯಾರನ್ನೋ ಬೈದದ್ದು ಅವಳ ಮುಖದ ಮೇಲೆ ಕಾಣುತ್ತಿತ್ತು. ಕೊನೆಗೆ ಒಂದೇ ಮಾತು ಕೇಳಿದಳು: “ಹನ್ನೊಂದ್ ದಿನ ನಿಮಗ ನಿದ್ದಿ ಬಂತೇನ್ರಿ?” ಲಾಲಸಾಬ ಜೇಬಿನಿಂದ ವಕೀಲರ ಕಾಗದ ತೆಗೆದ. ಕಾಗದವನ್ನು ಬಿಡಿಸಿ, ಮೇಜಿನ ಮೇಲೆ ಇಟ್ಟು, ಅದರ ಮೇಲೆ ಪೆನ್ನು ಇಟ್ಟ. ಮುದುಕ ಜೈಲಿನಲ್ಲಿ ಸತ್ತೇ ಹೋಗುತ್ತಾನೆ, ಹುಡುಗನಾದರೆ ಬದುಕಿ ಹೊರಗೆ ಬರುತ್ತಾನೆ, ಅಷ್ಟನ್ನು ಯೋಚಿಸು ಎಂದ. ದನಿಯಲ್ಲಿ ಬೆದರಿಕೆ ಇರಲಿಲ್ಲ. ಅವನು ಹೆದರಿದ್ದ. ಹೆದರಿದ ಮನುಷ್ಯನ ಜೊತೆ ಒಂದೇ ಕೋಣೆಯಲ್ಲಿ ಇರುವುದು ಎಷ್ಟು ಭಯದ ಸಂಗತಿ ಎಂದು ಶಬನಮಳಿಗೆ ಆಗ ತಿಳಿಯಿತು.

ಪೆನ್ನನ್ನು ಅವನ ಕಡೆಗೇ ಸರಿಸಿದಳು. ತಮ್ಮ ಮಾಡದ ತಪ್ಪಿಗೆ ಸಹಿ ಹಾಕುವುದಿಲ್ಲ ಎಂದಳು. ಕಾರ್ಡನ್ನು ಲ್ಯಾಪ್‌ಟಾಪಿನಿಂದ ತೆಗೆದು ಮುಷ್ಟಿಯಲ್ಲಿ ಹಿಡಿದುಕೊಂಡಳು. ರಿಜ್ವಾನನನ್ನು ಹೊರಗೆ ತರಲು ಜಗತ್ತಿನಲ್ಲಿ ಇದ್ದದ್ದು ಅದೊಂದೇ.

ಹಾಗೆ ಹಿಡಿದುಕೊಂಡಿದ್ದಾಗಲೇ ಅವಳಿಗೆ ಆ ಪ್ರಶ್ನೆ ಹೊಳೆದದ್ದು. ಇಷ್ಟು ಹೊತ್ತೂ ಕಣ್ಣೆದುರಿಗೇ ಇತ್ತು.

“ಬಬಲೇಶ್ವರದಾಗ ಮತ್ತ ಸರಿ ಮಾಡೀರೇನು?”

ಲಾಲಸಾಬ ಮೇಜಿನ ಮೇಲಿನ ಪೆನ್ನನ್ನು ನೆಟ್ಟಗೆ ಮಾಡಿದ.

“ಉಸ್ತಾದ.”

“ಸರಿ ಮಾಡಬೇಕಂದ್ರ ಪ್ಯಾನೆಲ್ ತಗೀಬೇಕು,” ಎಂದ ಅವನು ಮೆಲ್ಲಗೆ. “ಈಗ ತಗದ್ರ, ಯಾಕ ತಗದಿ ಅಂತ ಕೇಳ್ತಾರ.”

ಗಡಿಯಾರದಲ್ಲಿ ಎರಡೂ ನಲವತ್ತೈದು. ಶಬನಮ ಸಾಯಿರಾಳಿಗೆ ಫೋನ್ ಮಾಡಿದಳು; ರಿಂಗಾಯಿತು, ಯಾರೂ ಎತ್ತಲಿಲ್ಲ. ಕೆಲಸದ ಹೆಂಗಸರ ಫೋನುಗಳನ್ನು ಗೇಟಿನಲ್ಲಿ ಪೆಟ್ಟಿಗೆಗೆ ಹಾಕಿಸಿಕೊಳ್ಳುತ್ತಾರೆ ಎಂದು ಅವಳೇ ಹೇಳಿದ್ದಳು. ಅಲ್ಲಿನ ಸೂಪರ್‌ವೈಸರ್ ಸಂಗುವಿನ ನಂಬರು ಸಿಕ್ಕಿತು. ನಗುಮಾತಿನ ಮನುಷ್ಯ. ಶಬನಮ ಸ್ಪೀಕರ್ ಒತ್ತಿ, ಎರಡನೇ ಮಾತಿಗೇ ಪರದೆಯಲ್ಲಿ ಏನು ಕಾಣುತ್ತಿದೆ ಎಂದು ಕೇಳಿದಳು.

“ಮೂರೂ ಚೇಂಬರ್ ಸೊನ್ನಿ ಅದಾವ್ರಿ ಅಕ್ಕಾರ. ನಾವೆಲ್ಲ ತಣ್ಣಗ ಅದೀವಿ.”

“ಒಂದೊಂದ ಓದ್ರಿ. ಹೆಂಗ ಕಾಣತೈತಿ ಹಂಗ.”

“ಒಂದು, ಸೊನ್ನಿ. ಎರಡು,” ಎಂದು ತಡೆದ. “ಸೊನ್ನಿನ ಐತ್ರಿ, ಮುಂದ ಸಣ್ಣದೊಂದ್ ಗೀಟು ಐತಿ. ಬೆಳಿಗ್ಗಿಂದ ಬರಾಕತ್ತೈತಿ. ಧೂಳ ಇರಬೇಕಂತ ಅರಿಬಿಲೆ ಒರಸೀನಿ, ಹೋಗವಲ್ದು.”

ನೀಲಾಬಾಯಿ ಎದ್ದು ನಿಂತಳು.

ಎರಡನೇ ಚೇಂಬರಿನ ಬಾಗಿಲು ಮುಚ್ಚಿದೆಯೇ ಎಂದು ಶಬನಮ ಕೇಳಿದಳು. ನಿನ್ನೆ ಸಂಜೆಯಿಂದ ಮುಚ್ಚಿದೆ, ಊಟ ಮುಗಿಸಿ ಹೆಂಗಸರು ಬಾಗಿಲ ಮುಂದೆಯೇ ಕೂತಿದ್ದಾರೆ, ಮೂರಕ್ಕೆ ತೆರೆದು ಬಾಕ್ಸುಗಳನ್ನು ಹೊರಗೆ ತೆಗೆಯಬೇಕು, ಲಾರಿ ಬಂದು ನಿಂತಿದೆ ಎಂದ ಸಂಗು. ಇಪ್ಪತ್ತೆರಡು ಹೆಂಗಸರು. ತೆರೆಯಬೇಡಿ ಎಂದಳು. ಒಳಗೆ ಗ್ಯಾಸು ತುಂಬಿದೆ ಎಂದಳು. ತುಂಡು, ಖಾನೆ, ಗೀಟು ಎಂದು ಒಂದರ ಮೇಲೊಂದು ಹೇಳತೊಡಗಿದಳು. ತನ್ನ ಮಾತು ಹುಚ್ಚಿಯ ಮಾತಿನಂತೆ ತನಗೇ ಕೇಳಿಸಿತು.

ಸಂಗುವಿನ ದನಿಯಲ್ಲಿ ನಗು ಹೋಯಿತು.

“ಅಕ್ಕಾರ, ನಿಮ್ಮ ತಮ್ಮ ತಿಕೋಟಾದಾಗ ಮಾಡಿದ್ದು ನೋಡೀವಿ. ನಿಮ್ಮ ಫೋನ್ ಬಂದ್ರ ಮಾತಾಡಬ್ಯಾಡ ಅಂತ ಮಾಲಕ್ರು ಹೇಳ್ಯಾರ, ಆದ್ರೂ ಮಾತಾಡೀನಿ. ಈ ಪ್ಯಾನೆಲ್ ಉಸ್ತಾದ್ರ ಕೈಲೆ ಆಗಿದ್ದು. ಅವರು ಒಂದ್ ಮಾತ ಹೇಳ್ಲಿ, ನಿಲ್ಲಸ್ತೀನಿ. ನಿಮ್ಮ ಮಾತಿಗೆ ನಾ ಲಾರಿ ನಿಲ್ಲಸಂಗಿಲ್ಲ.”

ಫೋನ್ ಇಟ್ಟ. ಮತ್ತೆ ಮಾಡಿದಾಗಲೂ, ಉಸ್ತಾದರೇ ಹೇಳಲಿ ಎಂದು ಇಟ್ಟುಬಿಟ್ಟ.

ಎರಡೂ ಐವತ್ತೊಂದು. ಬಬಲೇಶ್ವರಕ್ಕೆ ಎಷ್ಟು ಜೋರಾಗಿ ಗಾಡಿ ಓಡಿಸಿದರೂ ಅರ್ಧ ತಾಸು. ಪೊಲೀಸರಿಗೆ ಫೋನ್ ಮಾಡಿ ಒಂಬತ್ತು ನಿಮಿಷದಲ್ಲಿ ಒಂದು ಗೀಟಿನ ಅರ್ಥ ತಿಳಿಸುವುದು ಹೇಗೆ? ಹನ್ನೊಂದು ದಿನದಲ್ಲಿ ಆಗಿರಲಿಲ್ಲ.

ಸಾಯಿರಾ ಕುಳ್ಳಿ. ಮುಂದಿನ ಸಾಲಿನಲ್ಲಿ ಕೂರುವವಳು. ಬಾಗಿಲು ತೆರೆದಾಗ ಮೊದಲು ಒಳಗೆ ಹೋಗುವವರು ಮುಂದಿನ ಸಾಲಿನವರೇ.

ಶಬನಮ ಮೇಜಿಗೆ ಬಂದಳು. ಪೆನ್ನು ತೆಗೆದುಕೊಂಡಳು. ವಕೀಲರು ಬರೆದ ಕಾಗದದ ಕೆಳಗೆ, ತಮ್ಮನ ಹೆಸರಿನ ಕೆಳಗೆ, ತನ್ನ ಪೂರಾ ಹೆಸರು ಬರೆದು ಸಹಿ ಹಾಕಿದಳು. ಮುಷ್ಟಿ ಬಿಚ್ಚಿ ಕಾರ್ಡನ್ನು ಕಾಗದದ ಮೇಲೆ ಇಟ್ಟಳು. ನೀಲಾಬಾಯಿ ನೋಡುತ್ತಲೇ ಇದ್ದಳು, ತಡೆಯಲಿಲ್ಲ.

ಸಂಗುವಿನ ನಂಬರನ್ನು ತೆರೆದು, ಒತ್ತಲು ಹಸಿರು ಗುಂಡಿಯೊಂದೇ ಬಾಕಿ ಇಟ್ಟು, ಫೋನನ್ನು ಎರಡೂ ಕೈಯಲ್ಲಿ ಹಿಡಿದು ಉಸ್ತಾದನ ಮುಂದೆ ಚಾಚಿದಳು.

“ಎಲ್ಲಾ ತಗೋರಿ. ರಿಜ್ವಾನ ಒಳಗ ಇರಲಿ. ನಾ ಎಲ್ಲೂ ಬಾಯಿ ಬಿಡಂಗಿಲ್ಲ. ಬಾಗಲಾ ತಗೀಬ್ಯಾಡ ಅಂತ ಒಂದ್ ಮಾತ ಹೇಳ್ರಿ.”

ಲಾಲಸಾಬ ಕಾಗದ ನೋಡಿದ. ಕಾರ್ಡು ನೋಡಿದ. ಫೋನಿನ ಕಡೆ ಕೈ ಬಂತು, ಅರ್ಧಕ್ಕೆ ನಿಂತಿತು. ಅವನ ಕಣ್ಣು ನೀಲಾಬಾಯಿಯ ಮೇಲೆ ಹೋಯಿತು. ತೆರೆಯಬೇಡ ಎಂದರೆ, ಯಾಕೆ ಎಂದು ಸಂಗು ಕೇಳುತ್ತಾನೆ. ಒಳಗೆ ಏನಿದೆ ಎಂದು ನಿನಗೆ ಹೇಗೆ ಗೊತ್ತು ಎಂದು ನಾಳೆ ಎಲ್ಲರೂ ಕೇಳುತ್ತಾರೆ. ಆ ಒಂದು ಮಾತು ಆಡಿದರೆ, ಈ ಕಾಗದಕ್ಕೂ ಈ ಕಾರ್ಡಿಗೂ ಬೆಲೆಯೇ ಇರುವುದಿಲ್ಲ.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಜೇಬಿನ ಸುಣ್ಣದ ಡಬ್ಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡ.

“ಒಲ್ಲೆ,” ಎಂದ.